ತೋಟದಲ್ಲಿ ಬಿದ್ದ ಬಿಳಿ ಪೆಟ್ಟಿಗೆ: ಹದಿನೇಳು ಕಿಲೋಮೀಟರ್ ಮೇಲಿನ ಚಳಿಯನ್ನು ಅಳೆಯುವುದು ಹೇಗೆ?

ಅಡಿಕೆತೋಟ

ಬೆಳ್ತಂಗಡಿ ತಾಲ್ಲೂಕಿನ ನಮ್ಮ ತೋಟದಲ್ಲಿ ಮೊನ್ನೆ ಬೆಳಿಗ್ಗೆ ಉದುರಿದ ಅಡಿಕೆ ಹೆಕ್ಕುತ್ತಿದ್ದಾಗ, ಎರಡು ಮರಗಳ ನಡುವೆ ಉದ್ದನೆಯ ತೆಳು ದಾರವೊಂದು ನೇತಾಡುವುದು ಕಂಡಿತು. ದಾರದ ಒಂದು ತುದಿಯಲ್ಲಿ ಹರಿದು ಚಿಂದಿಯಾದ ಬಿಳಿ ರಬ್ಬರು ಇತ್ತು, ಇನ್ನೊಂದು ತುದಿಯಲ್ಲಿ ಅಂಗೈಯಗಲದ ಥರ್ಮಾಕೋಲಿನ ಪೆಟ್ಟಿಗೆ ಇತ್ತು. ಪೆಟ್ಟಿಗೆಯಿಂದ ಹೊರಚಾಚಿದ ಬೆಳ್ಳಿ ಬಣ್ಣದ ಪಟ್ಟಿಯ ಕೊನೆಯಲ್ಲಿ ಕೂದಲಿನಷ್ಟು ಸಣ್ಣದೊಂದು ತಂತಿಯೂ, ಅದರ ತುದಿಗೆ ಸಾಸಿವೆಗಿಂತ ಚಿಕ್ಕದೊಂದು ಮಣಿಯೂ ಇವೆ. ಇದು ಹವಾಮಾನ ಅಳೆಯುವ ಉಪಕರಣ, ಅಪಾಯವಿಲ್ಲ ಎಂದು ಮೇಲೆ ಅಚ್ಚಾಗಿದೆ. ಪ್ರಾಯಶಃ ಮಂಗಳೂರಿನ ಕಡೆಯಿಂದ ಹಾರಿ ಬಂದಿರಬೇಕು.

ನನ್ನ ಸಂದೇಹ ಇಷ್ಟೇ. ಅಂಗಳದಲ್ಲಿ ಉಷ್ಣಾಂಶ ನೋಡಬೇಕಾದರೂ ಥರ್ಮಾಮೀಟರನ್ನು ನೆರಳಿನಲ್ಲಿಡಬೇಕು, ಬಿಸಿಲಿಗಿಟ್ಟರೆ ಅದು ಗಾಳಿಯ ಬಿಸಿಯನ್ನಲ್ಲ, ತನ್ನದೇ ಬಿಸಿಯನ್ನು ತೋರಿಸುತ್ತದೆ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಮೋಡಗಳಿಗೂ ಮೇಲೆ, ಸುಡುವ ಬಿಸಿಲಿನಲ್ಲಿ, ಈ ಮಣಿಗೆ ನೆರಳು ಕೊಡುವವರು ಯಾರು? ಒಂಬತ್ತನೆಯ ತರಗತಿಯ ಮಗಳ ಪುಸ್ತಕದಲ್ಲಿ ಮೇಲೆ ಹೋದಂತೆ ಉಷ್ಣಾಂಶ ಇಳಿಯುತ್ತದೆ, ಆಮೇಲೆ ಏರುತ್ತದೆ, ಪುನಃ ಇಳಿದು ಪುನಃ ಏರುತ್ತದೆ ಎಂಬ ಅಂಕುಡೊಂಕಾದ ಗೆರೆಯ ಚಿತ್ರವಿದೆ. ಆ ಗೆರೆಯನ್ನು ಯಾರು, ಯಾವುದರಿಂದ ಅಳೆದು ಎಳೆದರು ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬಲ್ಲವರು ದಯವಿಟ್ಟು ವಿವರಿಸಬೇಕು.

ನಿವೃತ್ತ_ವೀಕ್ಷಕ

ನಿಮ್ಮ ಕೈಗೆ ಸಿಕ್ಕಿರುವುದು ರೇಡಿಯೋಸೋಂಡ್. ನನ್ನ ಸೇವೆಯ ಬಹುಪಾಲು ಇವನ್ನು ಹಾರಿಸುವುದರಲ್ಲೇ ಕಳೆಯಿತು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಜಗತ್ತಿನಾದ್ಯಂತ ಬಲೂನುಗಳನ್ನು ಒಂದೇ ಗಡಿಯಾರಕ್ಕೆ ಹೊಂದಿಸಿ ಹಾರಿಸುತ್ತಾರೆ. ಅದು ನಮ್ಮ ಗಡಿಯಾರದಲ್ಲಿ ಬೆಳಗಿನ 5:30 ಮತ್ತು ಸಂಜೆಯ 5:30. ಬಲೂನು ಮೇಲೇರಲು ಸಮಯ ಬೇಕಾದ್ದರಿಂದ ನಿಜವಾಗಿ ಅದನ್ನು ಬಿಡುವುದು ಮುಕ್ಕಾಲು ಗಂಟೆ ಮುಂಚಿತವಾಗಿ. ಜಲಜನಕ ತುಂಬಿದ ರಬ್ಬರಿನ ಬಲೂನು ನೆಲದ ಮೇಲೆ ಆಳೆತ್ತರವಿರುತ್ತದೆ, ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಏರುತ್ತಾ, ಹೊರಗಿನ ಒತ್ತಡ ಕಡಿಮೆಯಾದಂತೆ ಉಬ್ಬುತ್ತಾ ಹೋಗಿ, 30 ಕಿ.ಮೀ. ಆಸುಪಾಸಿನಲ್ಲಿ ಒಂದು ಸಣ್ಣ ಮನೆಯಷ್ಟು ಅಗಲವಾಗಿ ಒಡೆಯುತ್ತದೆ. ಅಷ್ಟರೊಳಗೆ ಉಷ್ಣಾಂಶ, ತೇವಾಂಶ ಮತ್ತು ಒತ್ತಡದ ಅಂಕಿಗಳು ರೇಡಿಯೋ ಮೂಲಕ ನೆಲಕ್ಕೆ ಬಂದಾಗಿರುತ್ತವೆ. ಗಾಳಿಯ ವೇಗ ಮತ್ತು ದಿಕ್ಕನ್ನು ಈಗ ಜಿಪಿಎಸ್ ಹೇಳುತ್ತದೆ. ಹೀಗಾಗಿ ಪೆಟ್ಟಿಗೆ ಎಲ್ಲಿ ಬಿದ್ದರೂ ನಷ್ಟವಿಲ್ಲ. ಮಾರ್ಚ್ ತಿಂಗಳಲ್ಲಿ ನಮ್ಮ ಕರಾವಳಿಯ ಮೇಲೆ ಹತ್ತು ಹನ್ನೆರಡು ಕಿ.ಮೀ. ಎತ್ತರದ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುವುದರಿಂದ ಬಲೂನು ಘಟ್ಟದ ಕಡೆ ಸರಿಯುತ್ತದೆ. ಅದೇ ಮಳೆಗಾಲದಲ್ಲಾದರೆ ಆ ಎತ್ತರದಲ್ಲಿ ಪೂರ್ವದ ಬಿರುಗಾಳಿ ಇರುತ್ತದೆ, ಪೆಟ್ಟಿಗೆಗಳು ಸಮುದ್ರದ ಪಾಲಾಗುತ್ತವೆ.

ಈಗ ನೆರಳಿನ ವಿಷಯ. ನೀವು ಕೇಳಿದ ಪ್ರಶ್ನೆ ಈ ಇಡೀ ವಿದ್ಯೆಯ ಮೂಲಪ್ರಶ್ನೆ. ಆ ಮಣಿಗೆ ನೆರಳು ಕೊಡುವವರು ಯಾರೂ ಇಲ್ಲ. ನೆರಳಿನ ಬದಲು ಮೂರು ಉಪಾಯಗಳಿವೆ. ಮಣಿಯನ್ನು ಆದಷ್ಟು ಚಿಕ್ಕದಾಗಿ ಮಾಡಿದರೆ ಅದು ಹೀರುವ ಬಿಸಿಲು ಕಡಿಮೆಯಾಗುತ್ತದೆ, ಸುತ್ತಲಿನ ಗಾಳಿಗೆ ಬಿಸಿಯನ್ನು ಬಿಟ್ಟುಕೊಡುವುದು ಬೇಗವಾಗುತ್ತದೆ. ಮೇಲ್ಮೈಗೆ ಲೋಹದ ಹೊಳಪು ಲೇಪ ಕೊಟ್ಟರೆ ಬಿಸಿಲು ಬಹುಪಾಲು ತಿರುಗಿ ಹೋಗುತ್ತದೆ. ಇನ್ನು ಸೆಕೆಂಡಿಗೆ 5 ಮೀಟರಿನ ಏರುವಿಕೆಯೇ ಬೀಸಣಿಗೆಯಂತೆ ಮಣಿಯ ಮೇಲೆ ಗಾಳಿ ಹಾಯಿಸುತ್ತದೆ. ದಾರ 30 ಮೀಟರ್ ಅಥವಾ ಅದಕ್ಕಿಂತ ಉದ್ದವಿರುವುದಕ್ಕೂ ಕಾರಣ ಇದೇ: ಬಿಸಿಲಿನಲ್ಲಿ ಕಾದ ಬಲೂನಿನ ಮೈಯನ್ನು ಸವರಿ ಬಂದ ಗಾಳಿ ಮಣಿಗೆ ತಾಗಬಾರದು.

ಇಷ್ಟು ಮಾಡಿದರೂ 30 ಕಿ.ಮೀ. ಎತ್ತರದಲ್ಲಿ ಗಾಳಿ ನೆಲದ ಗಾಳಿಯ ನೂರರಲ್ಲಿ ಒಂದು ಪಾಲಿನಷ್ಟೇ ದಟ್ಟವಾಗಿರುವುದರಿಂದ ಬೀಸಣಿಗೆಯ ಬಲ ಸಾಲುವುದಿಲ್ಲ, ಮಣಿ ಗಾಳಿಗಿಂತ ಬೆಚ್ಚಗಿರುತ್ತದೆ. ಆ ಹೆಚ್ಚುವರಿಯನ್ನು ಸೂರ್ಯನ ಎತ್ತರ ಮತ್ತು ಗಾಳಿಯ ಒತ್ತಡ ನೋಡಿ ಲೆಕ್ಕದಲ್ಲಿ ಕಳೆಯುತ್ತಾರೆ. ಇಂದಿನ ಉಪಕರಣಗಳಲ್ಲಿ ಕಳೆಯಬೇಕಾದದ್ದು ಒಂದು ಡಿಗ್ರಿಯ ಒಳಗೆ, ನಮ್ಮ ಕಾಲದ ದಪ್ಪ ಕಡ್ಡಿಯಂಥ ಸಂವೇದಕಗಳಲ್ಲಿ ಹಲವು ಡಿಗ್ರಿ.

ಬೆಳಗಿನ ಬಲೂನು ಕತ್ತಲೆಯಲ್ಲೇ ಹಾರುತ್ತದಲ್ಲ, ಅದಕ್ಕೆ ಬಿಸಿಲಿನ ತೊಂದರೆ ಇಲ್ಲ ಎಂದು ಹಲವರು ಭಾವಿಸುತ್ತಾರೆ. 30 ಕಿ.ಮೀ. ಎತ್ತರದಿಂದ ನೋಡಿದರೆ ಕ್ಷಿತಿಜ ಐದೂವರೆ ಡಿಗ್ರಿಯಷ್ಟು ತಗ್ಗಿರುತ್ತದೆ, ಅಂದರೆ ಅಲ್ಲಿ ಸೂರ್ಯೋದಯ ನಮಗಿಂತ ಇಪ್ಪತ್ತು ನಿಮಿಷಕ್ಕೂ ಮೊದಲೇ ಆಗುತ್ತದೆ. ಐದು ಗಂಟೆಗೆ ಸ್ವಲ್ಪ ಮುಂಚೆ ಬಿಟ್ಟ ಬಲೂನು 25 ಕಿ.ಮೀ. ದಾಟುವ ಹೊತ್ತಿಗೆ, ಕೆಳಗೆ ನಾವು ಇನ್ನೂ ದೀಪದ ಬೆಳಕಿನಲ್ಲಿ ಕುಳಿತಿರುವಾಗಲೇ, ಅದರ ಮೇಲೆ ಮೊದಲ ಬಿಸಿಲು ಬೀಳುತ್ತದೆ. ಹೀಗಾಗಿ ಒಂದೇ ಹಾರಾಟದ ಕೆಳಭಾಗಕ್ಕೆ ಇರುಳಿನ ತಿದ್ದುಪಡಿ, ಮೇಲ್ಭಾಗಕ್ಕೆ ಹಗಲಿನ ತಿದ್ದುಪಡಿ ಬೇಕಾಗುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ಸೇವೆಗೆ ಸೇರಿದ ಹೊಸದರಲ್ಲಿ, ಒಂದು ಮಳೆಗಾಲದ ಸಂಜೆ, ದಟ್ಟ ಮೋಡದ ನೆತ್ತಿಯನ್ನು ದಾಟಿದ ಕೂಡಲೇ ಉಷ್ಣಾಂಶ ಒಮ್ಮೆಲೇ ಕುಸಿದು, ಒಂದೆರಡು ನಿಮಿಷದಲ್ಲಿ ಪುನಃ ಸರಿಹೋದದ್ದು ನನ್ನ ಗೆರೆಯಲ್ಲಿ ಮೂಡಿತು. ಹೊಸದೇನನ್ನೋ ಕಂಡುಹಿಡಿದೆನೆಂಬ ಹಿಗ್ಗಿನಲ್ಲಿ ಟೀ-ಫೈಗ್ರಾಂ ಎಂಬ, ಬಲೂನಿನ ಅಳತೆಗಳನ್ನು ಗುರುತಿಸುವ ಗ್ರಾಫ್ ಹಾಳೆಯ ಮೇಲೆ ಅದನ್ನು ದಪ್ಪವಾಗಿ ಗುರುತಿಸಿ ಹಿರಿಯರಿಗೆ ತೋರಿಸಿದೆ. ಅವರು ಉಷ್ಣಾಂಶದ ಗೆರೆಯನ್ನು ನೋಡಲೇ ಇಲ್ಲ, ತೇವಾಂಶದ ಗೆರೆಯ ಮೇಲೆ ಬೆರಳಿಟ್ಟರು. ಅದು ಅದೇ ಎತ್ತರದಲ್ಲಿ ನೂರರ ಹತ್ತಿರದಿಂದ ಧಡಕ್ಕನೆ ಕೆಳಗಿಳಿದಿತ್ತು. ಮೋಡದಲ್ಲಿ ನೆನೆದ ಸಂವೇದಕ ಒಣಹವೆಗೆ ಬಂದಾಗ, ಒದ್ದೆ ಬಟ್ಟೆ ಸುತ್ತಿದ ಮಡಕೆ ತಣಿಯುವಂತೆ, ನೀರು ಆವಿಯಾಗಿ ತಣಿದಿತ್ತು. ಗಾಳಿ ತಣಿದಿರಲಿಲ್ಲ. ಅಂದಿನಿಂದ ಯಾವ ಗೆರೆಯನ್ನೂ ನಾನು ಒಂಟಿಯಾಗಿ ಓದಿಲ್ಲ.

ವಿಜ್ಞಾನ_ಶಿಕ್ಷಕಿ

ಮೇಲಿನ ಬರಹಕ್ಕೆ ಕೃತಜ್ಞತೆಗಳು. ಅಂಕುಡೊಂಕು ಗೆರೆಯ ಮೊದಲ ತಿರುವನ್ನು ಕಂಡವರ ಕಥೆಯೂ ಇದೇ ಬಿಸಿಲಿನ ಸಂದೇಹದಿಂದಲೇ ಆರಂಭವಾಗುತ್ತದೆ.

1804ರಲ್ಲಿ ಪ್ಯಾರಿಸ್ಸಿನಲ್ಲಿ ಗೇ-ಲುಸಾಕ್ ತಾನೇ ಬಲೂನು ಹತ್ತಿ ಸುಮಾರು 7 ಕಿ.ಮೀ. ಏರಿ ಉಷ್ಣಾಂಶ ಅಳೆದ. 1862ರಲ್ಲಿ ಇಂಗ್ಲೆಂಡಿನ ಜೇಮ್ಸ್ ಗ್ಲೇಷರ್ ಅದಕ್ಕಿಂತಲೂ ಮೇಲೇರಿ ಪ್ರಜ್ಞೆ ತಪ್ಪಿದ. ಮನುಷ್ಯರು ಹೋಗಬಹುದಾದ ಎತ್ತರಕ್ಕೆ ಮಿತಿಯಿದೆ ಎಂದು ತಿಳಿದ ಮೇಲೆ ಉಪಕರಣಗಳನ್ನು ಮಾತ್ರ ಕಳುಹಿಸಿ, ಬಿದ್ದಲ್ಲಿಂದ ತರಿಸಿಕೊಂಡು, ಅವು ಗೀಚಿದ ಗೆರೆಯನ್ನು ಓದುವ ಪದ್ಧತಿ ಬಂತು. ಫ್ರಾನ್ಸಿನ ತೆಸರೆಂಕ್ ದ ಬೋರ್ ಟ್ರಾಪ್ ಎಂಬಲ್ಲಿದ್ದ ತನ್ನ ಸ್ವಂತ ವೀಕ್ಷಣಾಲಯದಿಂದ ಹೀಗೆ ಹಾರಿಸಿದ ಬಲೂನುಗಳಲ್ಲಿ, ಸುಮಾರು 11 ಕಿ.ಮೀ. ದಾಟಿದ ಮೇಲೆ ಉಷ್ಣಾಂಶ ಇಳಿಯುವುದು ನಿಂತೇ ಹೋಗುತ್ತಿತ್ತು. ಅವನಿಗೆ ಮೊದಲು ಹೊಳೆದದ್ದು ಅಡಿಕೆತೋಟದವರಿಗೆ ಹೊಳೆದದ್ದೇ: ಇದು ಬಿಸಿಲಿನ ತಪ್ಪಿರಬೇಕು. ಆದ್ದರಿಂದ ಆತ ರಾತ್ರಿಯಲ್ಲಿ ಹಾರಿಸಿದ, ಬೇರೆ ಬೇರೆ ಋತುಗಳಲ್ಲಿ ಹಾರಿಸಿದ, ಇನ್ನೂರಕ್ಕೂ ಹೆಚ್ಚು ಬಲೂನುಗಳ ದಾಖಲೆ ಕೈಗೆ ಬಂದ ಮೇಲೆಯೇ 1902ರ ಏಪ್ರಿಲಿನಲ್ಲಿ ಫ್ರೆಂಚ್ ಅಕಾಡೆಮಿಯ ಮುಂದೆ ವರದಿ ಇಟ್ಟ. ಅದಾದ ಕೆಲವೇ ದಿನಗಳಲ್ಲಿ ಬರ್ಲಿನ್ನಿನ ರಿಚರ್ಡ್ ಆಸ್‌ಮನ್ ರಬ್ಬರಿನ ಬಲೂನುಗಳಿಂದ ಪಡೆದ ಅದೇ ಫಲಿತಾಂಶವನ್ನು ಪ್ರಕಟಿಸಿದ. ವರ್ಷಗಟ್ಟಲೆ ತನ್ನ ಶೋಧವನ್ನೇ ತಾನು ಅನುಮಾನಿಸಿದ ಆ ತಾಳ್ಮೆಯನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ತಪ್ಪದೆ ಹೇಳುತ್ತೇನೆ.

ನಮ್ಮ ಪಠ್ಯಪುಸ್ತಕದ ಪದವೊಂದರ ಬಗ್ಗೆಯೂ ಹೇಳಬೇಕು. ನೆಲಕ್ಕೆ ತಾಗಿರುವ ಪದರವಾದ ಪರಿವರ್ತನ ಮಂಡಲದ ಮೇಲಿನ ಪದರಕ್ಕೆ ಕನ್ನಡದಲ್ಲಿ ಸಮೋಷ್ಣ ಮಂಡಲ ಎನ್ನುತ್ತೇವೆ. ಸಮ ಎಂದರೆ ಒಂದೇ ಸಮನಾದ, ಉಷ್ಣ ಎಂದರೆ ಬಿಸಿ. ಆದರೆ ಅದೇ ಪುಟದ ಚಿತ್ರದಲ್ಲಿ ಅಲ್ಲಿನ ಉಷ್ಣಾಂಶ ಸಮವಾಗಿಲ್ಲ, ಏರುತ್ತಾ ಹೋಗುತ್ತದೆ. ಮಕ್ಕಳು ಈ ವಿರೋಧವನ್ನು ಹಿಡಿದು ಕೇಳಿದರೆ ಅದು ಅವರ ತಪ್ಪಲ್ಲ. ಆರಂಭದ ಬಲೂನುಗಳು ಆ ಪದರದ ತಳಭಾಗವನ್ನಷ್ಟೇ ಮುಟ್ಟುತ್ತಿದ್ದವು, ಅಲ್ಲಿ ಉಷ್ಣಾಂಶ ಬಹುಮಟ್ಟಿಗೆ ಒಂದೇ ಸಮನಾಗಿಯೇ ಇರುತ್ತದೆ. ಹಾಗಾಗಿ ತೆಸರೆಂಕ್ ದ ಬೋರ್ ಕೂಡ ಮೊದಲಿಗೆ ಅದನ್ನು ಸಮಾನ ಉಷ್ಣಾಂಶದ ವಲಯವೆಂದೇ ಕರೆದ. ಇನ್ನೂ ಮೇಲೆ ಓಝೋನ್ ಅತಿನೇರಳೆ ಕಿರಣಗಳನ್ನು ಹೀರಿ ಗಾಳಿಯನ್ನು ಬಿಸಿಮಾಡುತ್ತದೆಂಬುದು ಆಮೇಲೆ ತಿಳಿಯಿತು. ಅಂದಿನ ಬಲೂನುಗಳ ಎತ್ತರದ ಮಿತಿ ನಮ್ಮ ಶಬ್ದದಲ್ಲಿ ಇಂದಿಗೂ ಉಳಿದಿದೆ. ಸ್ತರಗೋಳ ಎಂಬ ಪದವೂ ಬಳಕೆಯಲ್ಲಿದೆ, ನನಗೆ ಅದೇ ಸರಿಯೆನಿಸುತ್ತದೆ.

ವಾಯುಮಂಡಲ_ಸಂಶೋಧಕ

ಶಿಕ್ಷಕಿಯವರು ಹೇಳಿದ 11 ಕಿ.ಮೀ. ಯುರೋಪಿನ ಲೆಕ್ಕ. ಮಂಗಳೂರು ಅಥವಾ ಬೆಂಗಳೂರಿನ ಮೇಲೆ ಆ ತಿರುವು ಸಿಗುವುದು 16ರಿಂದ 18 ಕಿ.ಮೀ. ಎತ್ತರದಲ್ಲಿ, ಮತ್ತು ಅಲ್ಲಿನ ಉಷ್ಣಾಂಶ ಶೂನ್ಯಕ್ಕಿಂತ ಸುಮಾರು 80 ಡಿಗ್ರಿ ಸೆಲ್ಸಿಯಸ್ ಕೆಳಗೆ. ಯುರೋಪಿನ ಮೇಲಿನ ತಿರುವಿನಲ್ಲಿ ಅದು ಶೂನ್ಯಕ್ಕಿಂತ 55ರಿಂದ 60 ಡಿಗ್ರಿ ಕೆಳಗಿರುತ್ತದೆ, ಅಷ್ಟೇ. ಭೂಮಿಯ ಅತಿ ಸೆಕೆಯ ನಾಡುಗಳ ನೆತ್ತಿಯ ಮೇಲೆಯೇ ಕೆಳವಾಯುಮಂಡಲದ ಅತಿ ತಣ್ಣನೆಯ ಗಾಳಿ ಇದೆ.

ಇದನ್ನು ಇಡೀ ಭೂಗೋಳದ ಚಿತ್ರವಾಗಿ ಮೊದಲು ಜೋಡಿಸಿ ತೋರಿಸಿದವರಲ್ಲಿ ಪ್ರಮುಖರು ಕೆ. ಆರ್. ರಾಮನಾಥನ್. ಪಾಲಕ್ಕಾಡಿನವರು, ಭಾರತ ಹವಾಮಾನ ಇಲಾಖೆಯಲ್ಲಿದ್ದವರು, ಮುಂದೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಮೊದಲ ನಿರ್ದೇಶಕರಾದವರು. ಆಗ್ರಾದ ಮೇಲ್ಗಾಳಿ ವೀಕ್ಷಣಾಲಯದಿಂದ ಹಾರಿಸಿದ ಬಲೂನುಗಳ ದಾಖಲೆಗಳನ್ನು ಬಟಾವಿಯಾ (ಇಂದಿನ ಜಕಾರ್ತಾ) ಮೊದಲಾದ ಕಡೆಯ ದಾಖಲೆಗಳ ಪಕ್ಕದಲ್ಲಿಟ್ಟು, ಸಮಭಾಜಕದ ಮೇಲೆ ಸುಮಾರು 17 ಕಿ.ಮೀ. ಎತ್ತರದಲ್ಲಿ ಅತಿ ತಣ್ಣನೆಯ ಗಾಳಿ ಒಂದು ಚಪ್ಪಟೆ ಬಳೆಯಂತೆ ಭೂಮಿಯನ್ನು ಸುತ್ತಿಕೊಂಡಿದೆ ಎಂದು 1929ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಅಂದಿನ ಉಪಕರಣಗಳಲ್ಲಿ ರೇಡಿಯೋ ಇರಲಿಲ್ಲ. ಪೆಟ್ಟಿಗೆ ಯಾರ ಹೊಲದಲ್ಲಿ ಬಿತ್ತೋ ಅವರು ಅದನ್ನು ತಂದುಕೊಟ್ಟರೆ ಮಾತ್ರ ಅಳತೆ ಸಿಗುತ್ತಿತ್ತು, ತಂದವರಿಗೆ ಬಹುಮಾನವಿತ್ತು. ಮೇಲ್ಗಾಳಿಯ ವಿಜ್ಞಾನ ಒಂದು ಕಾಲಕ್ಕೆ ರೈತರ ಪ್ರಾಮಾಣಿಕತೆಯ ಮೇಲೆ ನಿಂತಿತ್ತು. ಮೊದಲ ರೇಡಿಯೋಸೋಂಡನ್ನು ಫ್ರಾನ್ಸಿನಲ್ಲಿ ರೊಬೆರ್ ಬ್ಯುರೋ ಹಾರಿಸಿದ್ದೂ 1929ರಲ್ಲಿಯೇ, ಮರುವರ್ಷ ರಷ್ಯಾದಲ್ಲಿ ಮೊಲ್ಚಾನೊವ್ ಹಾರಿಸಿದ.

ಅಷ್ಟು ಚಳಿ ಏಕೆ? ನಮ್ಮ ಮಳೆಮೋಡಗಳು ಬಿಸಿಯನ್ನು 12-14 ಕಿ.ಮೀ. ತನಕ ಹೊತ್ತೊಯ್ದು ಅಲ್ಲಿಗೆ ಬಹುಮಟ್ಟಿಗೆ ನಿಲ್ಲುತ್ತವೆ. ಅದರ ಮೇಲಿನ ಗಾಳಿಯನ್ನು, ಮೋಡಗಳಲ್ಲ, ಸ್ತರಗೋಳದ ಬಲು ನಿಧಾನವಾದ ಪರಿಚಲನೆಯೊಂದು ಮೇಲಕ್ಕೆ ಎಳೆಯುತ್ತಿರುತ್ತದೆ. ಮೇಲೇರುವ ಗಾಳಿ ಹಿಗ್ಗಿ ತಣಿಯುತ್ತದೆ, ಅಲ್ಲಿ ಬಿಸಿಮಾಡಲು ಸಾಕಷ್ಟು ಓಝೋನೂ ಇಲ್ಲ. ಈ ಪರಿಚಲನೆಯ ಸುಳಿವು ಸಿಕ್ಕಿದ ಬಗೆಯೇ ಸೊಗಸು. 1940ರ ದಶಕದಲ್ಲಿ ಅಲನ್ ಬ್ರೂವರ್ ಇಂಗ್ಲೆಂಡಿನ ಮೇಲೆ ವಿಮಾನಗಳಲ್ಲಿ ಸ್ತರಗೋಳದ ತೇವಾಂಶ ಅಳೆದಾಗ, ಅದು ಅಲ್ಲಿನ ಉಷ್ಣಾಂಶಕ್ಕೆ ಹೋಲಿಸಿದರೆ ನಂಬಲಾಗದಷ್ಟು ಒಣಗಿತ್ತು. ಅಷ್ಟು ಒಣಗಬೇಕಾದರೆ ಆ ಗಾಳಿ ಎಲ್ಲೋ ಒಂದು ಕಡೆ ಶೂನ್ಯಕ್ಕಿಂತ 80 ಡಿಗ್ರಿ ಕೆಳಗಿನ ಚಳಿಯನ್ನು ಹಾದು ತನ್ನ ನೀರನ್ನೆಲ್ಲ ಹಿಮವಾಗಿ ಬಿಟ್ಟು ಬಂದಿರಬೇಕು. ಅಂಥ ಚಳಿ ಇರುವುದು ಉಷ್ಣವಲಯದ ನೆತ್ತಿಯಲ್ಲಿ ಮಾತ್ರ, ಆದ್ದರಿಂದ ಗಾಳಿ ಅಲ್ಲಿಂದಲೇ ಸ್ತರಗೋಳವನ್ನು ಹೊಕ್ಕು ಉತ್ತರಕ್ಕೆ ಬಂದಿದೆ ಎಂದು ಆತ 1949ರಲ್ಲಿ ತರ್ಕಿಸಿದ. ಆದ್ದರಿಂದ ನಮ್ಮ ನೆತ್ತಿಯ ಮೇಲಿನ ಆ ತಿರುವಿನಲ್ಲಿ ಒಂದು ಡಿಗ್ರಿ ತಪ್ಪಾಗಿ ಅಳೆದರೆ, ಇಡೀ ಜಗತ್ತಿನ ಸ್ತರಗೋಳಕ್ಕೆ ಎಷ್ಟು ನೀರಾವಿ ಹೋಗುತ್ತದೆಂಬ ಲೆಕ್ಕವೇ ತಪ್ಪುತ್ತದೆ.

ಲೆಕ್ಕದವನು

ನಾನು ವೃತ್ತಿಯಿಂದ ಎಂಜಿನಿಯರ್, ಈ ಕ್ಷೇತ್ರದವನಲ್ಲ. ಉಪಗ್ರಹಗಳಿರುವ ಕಾಲದಲ್ಲಿ ದಿನಕ್ಕೆರಡು ಬಾರಿ ರಬ್ಬರು ಬಲೂನು ಹಾರಿಸುವ ಅಗತ್ಯ ಏನು? ಒಂದು ಉಪಗ್ರಹ ದಿನವೊಂದಕ್ಕೆ ಇಡೀ ಭೂಮಿಯನ್ನೇ ಅಳೆಯಬಲ್ಲದು. ಬಲೂನು ಅಳೆಯುವುದು ಒಂದು ಊರಿನ ಮೇಲಿನ ಒಂದು ಗೆರೆಯನ್ನು ಮಾತ್ರ.

ವಾಯುಮಂಡಲ_ಸಂಶೋಧಕ

ಉಪಗ್ರಹಕ್ಕೆ ಗಾಳಿಯನ್ನು ಮುಟ್ಟಲು ಬರುವುದಿಲ್ಲ, ಅದು ದೂರದಿಂದ ಹೊಳಪನ್ನು ನೋಡುತ್ತದೆ. ಗಾಳಿಯ ಆಮ್ಲಜನಕ 50-60 ಗಿಗಾಹರ್ಟ್ಸ್ ಸುತ್ತಮುತ್ತ ಸೂಕ್ಷ್ಮತರಂಗಗಳನ್ನು ಹೊಮ್ಮಿಸುತ್ತದೆ, ಗಾಳಿ ಬಿಸಿಯಾದಷ್ಟೂ ಹೊಳಪು ಹೆಚ್ಚು. 1978ರ ಕೊನೆಯಿಂದ ಅಮೆರಿಕದ ಹವಾಮಾನ ಉಪಗ್ರಹಗಳು ಇದನ್ನು ನೋಡುತ್ತಾ ಬಂದಿವೆ. ಆದರೆ ಪ್ರತಿಯೊಂದು ಆವರ್ತನವೂ ಹತ್ತು ಕಿ.ಮೀ.ಗೂ ಮೀರಿದ ದಪ್ಪ ಪದರದ ಸರಾಸರಿಯನ್ನು ಕೊಡುತ್ತದೆ. ಕಂಬಳಿಯ ಮೇಲಿಂದ ಕೈಯಾಡಿಸಿ ಒಳಗಿನ ಬೆರಳುಗಳನ್ನು ಎಣಿಸಿದಂತೆ ಅದು. ನಾವು ಮಾತಾಡುತ್ತಿರುವ 17 ಕಿ.ಮೀ.ನ ತಿರುವು ಒಂದೆರಡು ಕಿ.ಮೀ.ನಷ್ಟು ಚೂಪಾದದ್ದು, ಆ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ನಮ್ಮ ಇನ್ಸಾಟ್-3ಡಿ, 2013ರಲ್ಲಿ ಹಾರಿದ್ದು, ಬೇರೆ ಬೇರೆ ಎತ್ತರದ ಉಷ್ಣಾಂಶವನ್ನು ಅಳೆಯುವ, 19 ಮಾರ್ಗಗಳ ಸೌಂಡರ್ ಎಂಬ ಉಪಕರಣವನ್ನು ಹೊತ್ತಿತ್ತು. ಅದು ಹೆಚ್ಚಾಗಿ ಅವಗೆಂಪು ಕಿರಣಗಳನ್ನು ನೋಡುವುದರಿಂದ ಮೋಡ ಕವಿದರೆ ಅದಕ್ಕೆ ಮೋಡದ ಕೆಳಗಿನದು ಕಾಣದು. ನಮ್ಮ ಜೂನ್-ಜುಲೈಗಳಲ್ಲಿ ಇದು ಸಣ್ಣ ಕೊರತೆಯಲ್ಲ.

ಬಲೂನಿನ ಚೂಪೂ ಉಪಗ್ರಹದ ಹರವೂ ಎರಡೂ ಇರುವ ಒಂದು ವಿಧಾನವಿದೆ: ರೇಡಿಯೋ ಮರೆವಿಧಾನ. ದಿಗಂತದಲ್ಲಿ ಮುಳುಗುವ ಸೂರ್ಯ ನಿಜವಾಗಿ ಮುಳುಗಿದ ಮೇಲೂ ಗಾಳಿಯ ವಕ್ರೀಭವನದಿಂದ ನಮಗೆ ಒಂದಷ್ಟು ಹೊತ್ತು ಕಾಣುತ್ತಾನಲ್ಲವೇ? ಹಾಗೆಯೇ ಜಿಪಿಎಸ್ ಉಪಗ್ರಹವೊಂದು ಭೂಮಿಯ ಅಂಚಿನಲ್ಲಿ ಮುಳುಗುವುದನ್ನು ತಗ್ಗಿನ ಕಕ್ಷೆಯ ಇನ್ನೊಂದು ಉಪಗ್ರಹ ನೋಡುತ್ತದೆ. ಸಂಕೇತ ವಾಯುಮಂಡಲದ ಮೂಲಕ ಬಾಗಿ ಬರುವುದರಿಂದ ಅದಕ್ಕೆ ತಡವಾಗುತ್ತದೆ, ತಡದಿಂದ ಬಾಗು, ಬಾಗಿನಿಂದ ಸಾಂದ್ರತೆ, ಸಾಂದ್ರತೆಯಿಂದ ಒತ್ತಡ ಮತ್ತು ಉಷ್ಣಾಂಶ ಸಿಗುತ್ತವೆ. ಈ ಉಪಾಯವನ್ನು ಮೊದಲು ಪ್ರಯೋಗಿಸಿದ್ದು ಭೂಮಿಯ ಮೇಲಲ್ಲ, 1965ರಲ್ಲಿ ಮ್ಯಾರಿನರ್-4 ಮಂಗಳದ ಹಿಂದೆ ಮರೆಯಾದಾಗ. ಭೂಮಿಗೆ ಜಿಪಿಎಸ್ ಬಳಸಿ 1995ರಲ್ಲಿ ಪ್ರಯೋಗವಾಯಿತು, 2006ರಲ್ಲಿ ತೈವಾನ್-ಅಮೆರಿಕಗಳ ಆರು ಉಪಗ್ರಹಗಳ ಕಾಸ್ಮಿಕ್ ಗುಚ್ಛವೂ, 2019ರಲ್ಲಿ ಉಷ್ಣವಲಯವನ್ನೇ ಗುರಿಯಾಗಿಟ್ಟ ಕಾಸ್ಮಿಕ್-2 ಗುಚ್ಛವೂ ಹಾರಿದವು. ನಮ್ಮ ಓಷನ್‌ಸ್ಯಾಟ್-2 ಮತ್ತು ಫ್ರಾನ್ಸಿನೊಡನೆ ಸೇರಿ 2011ರಲ್ಲಿ ಹಾರಿಸಿದ ಮೇಘಾ-ಟ್ರಾಪಿಕ್ಸ್ ಕೂಡ ಇದಕ್ಕಾಗಿ ರೋಸಾ ಎಂಬ ಉಪಕರಣವನ್ನು ಹೊತ್ತಿದ್ದವು.

ಇಲ್ಲಿ ಅಳೆಯುವುದು ಕಾಲವನ್ನು, ಪರಮಾಣು ಗಡಿಯಾರದಿಂದ. ಉಪಕರಣ ಹಳತಾದರೂ ಅಳತೆಗೋಲು ಸವೆಯುವುದಿಲ್ಲ. 8ರಿಂದ 30 ಕಿ.ಮೀ. ನಡುವೆ ಇದಕ್ಕಿಂತ ನಂಬಿಕಸ್ಥ ವಿಧಾನ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಕೆಳಗೆ ನೀರಾವಿಯೂ ಸಂಕೇತವನ್ನು ಬಾಗಿಸುವುದರಿಂದ ಎಷ್ಟು ಬಾಗು ತಣ್ಣನೆಯ ಗಾಳಿಯದು, ಎಷ್ಟು ನೀರಿನದು ಎಂದು ಬಿಡಿಸಲು ಬೇರೆ ಮೂಲದ ಉಷ್ಣಾಂಶ ಬೇಕು. ಅಲ್ಲಿ ಪುನಃ ನಿವೃತ್ತ ವೀಕ್ಷಕರ ಬಲೂನಿಗೇ ಮರಳಬೇಕಾಗುತ್ತದೆ.

ಲೆಕ್ಕದವನು

ವಿವರಣೆ ಒಪ್ಪಿಗೆಯಾಯಿತು. ಆದರೆ ಇನ್ನೊಂದು ಸಂದೇಹ ಉಳಿಯುತ್ತದೆ. ಇಷ್ಟೆಲ್ಲ ತಿದ್ದುಪಡಿಗಳನ್ನು ಮಾಡುತ್ತಾ ಹೋದರೆ, ತಿದ್ದುವವರು ತಮಗೆ ಬೇಕಾದ ಉತ್ತರದ ಕಡೆಗೇ ತಿದ್ದುವುದಿಲ್ಲವೆಂದು ಹೇಗೆ ನಂಬುವುದು? ಒಂದು ಕಾಲಕ್ಕೆ ಉಪಗ್ರಹಗಳು ಮೇಲಿನ ಗಾಳಿ ಬಿಸಿಯಾಗುತ್ತಿಲ್ಲ ಎಂದು ತೋರಿಸಿದವೆಂದೂ, ಆಮೇಲೆ ಅದನ್ನು ತಿದ್ದಲಾಯಿತೆಂದೂ ಓದಿದ್ದೇನೆ.

ವಾಯುಮಂಡಲ_ಸಂಶೋಧಕ

ನೀವು ಓದಿದ್ದು ನಿಜ, ಮತ್ತು ಅದನ್ನು ಮುಚ್ಚಿಡುವ ಅಗತ್ಯವಿಲ್ಲ. 1990ರಲ್ಲಿ ಸ್ಪೆನ್ಸರ್ ಮತ್ತು ಕ್ರಿಸ್ಟಿ ಈ ಸೂಕ್ಷ್ಮತರಂಗ ದಾಖಲೆಯಿಂದ ಪರಿವರ್ತನ ಮಂಡಲದಲ್ಲಿ ಏರಿಕೆ ಕಾಣುವುದಿಲ್ಲ ಎಂದು ಪ್ರಕಟಿಸಿದರು. 1998ರಲ್ಲಿ ವೆಂಟ್ಸ್ ಮತ್ತು ಶೇಬಲ್, ಉಪಗ್ರಹಗಳ ಕಕ್ಷೆ ವರ್ಷ ವರ್ಷವೂ ಕೊಂಚ ಇಳಿಯುತ್ತಿದ್ದು ಅದರಿಂದ ನೋಡುವ ಕೋನ ಬದಲಾಗಿ ಸುಳ್ಳು ತಂಪು ಸೇರಿದೆ ಎಂದು ತೋರಿಸಿದರು. 2005ರಲ್ಲಿ ಮೀರ್ಸ್ ಮತ್ತು ವೆಂಟ್ಸ್ ಇನ್ನೊಂದು ತಪ್ಪನ್ನು ಹಿಡಿದರು. ಉಪಗ್ರಹ ಒಂದೇ ಊರಿನ ಮೇಲೆ ಹಾದುಹೋಗುವ ಹೊತ್ತು ವರ್ಷಗಳು ಕಳೆದಂತೆ ಸರಿಯುತ್ತದೆ, ಮಧ್ಯಾಹ್ನದ ಅಳತೆ ಮೆಲ್ಲಮೆಲ್ಲನೆ ಸಂಜೆಯ ಅಳತೆಯಾಗುತ್ತದೆ. ಅದಕ್ಕೆ ಮೊದಲಿನವರು ಮಾಡಿದ್ದ ತಿದ್ದುಪಡಿಯ ದಿಕ್ಕೇ ತಲೆಕೆಳಗಾಗಿತ್ತು. ಸ್ಪೆನ್ಸರ್ ಮತ್ತು ಕ್ರಿಸ್ಟಿಯವರೇ ಆ ತಪ್ಪನ್ನು ಒಪ್ಪಿ ಸರಿಪಡಿಸಿಕೊಂಡರು.

ಅದೇ 2005ರಲ್ಲಿ ಬಲೂನುಗಳ ಕಡೆಯಿಂದಲೂ ಇಂಥದೇ ಸಂಗತಿ ಹೊರಬಂತು. ಹಳೆಯ ಸೋಂಡುಗಳು ಹಗಲಿನಲ್ಲಿ ಬಿಸಿಲಿಗೆ ಹೆಚ್ಚು ಕಾಯುತ್ತಿದ್ದವು, ಹೊಸವು ಕಡಿಮೆ. ಹೀಗಾಗಿ ಉಪಕರಣಗಳು ಸುಧಾರಿಸಿದ್ದೇ ದಾಖಲೆಯಲ್ಲಿ ಗಾಳಿ ತಣಿದಂತೆ ಕಾಣುತ್ತಿತ್ತು. ಅದನ್ನು ಹಿಡಿದದ್ದು ಹಗಲಿನ ಮತ್ತು ಇರುಳಿನ ಬಲೂನುಗಳ ವ್ಯತ್ಯಾಸವನ್ನು ದಶಕಗಳುದ್ದಕ್ಕೂ ಹೋಲಿಸಿ. ಎರಡೂ ಬಲೂನುಗಳು ಏರುವುದು ಒಂದೇ ಗಾಳಿಯಲ್ಲಾದ್ದರಿಂದ, ವ್ಯತ್ಯಾಸ ಕಾಲಕಾಲಕ್ಕೆ ಕುಗ್ಗುತ್ತಾ ಬಂದರೆ ಅದು ಬಿಸಿಲಿನ ಕೈವಾಡವಲ್ಲದೆ ಮತ್ತೇನೂ ಅಲ್ಲ. ನೀವು ಕೇಳಿದ ನಂಬಿಕೆಯ ಪ್ರಶ್ನೆಗೆ ನನ್ನ ಉತ್ತರ ಇದು: ಬೇಕಾದ ಉತ್ತರದ ಕಡೆಗೆ ತಿದ್ದಿದ್ದರೆ, ಸೂಕ್ಷ್ಮತರಂಗ, ಬಲೂನು ಮತ್ತು ಗಡಿಯಾರ ಎಂಬ ಮೂರು ಸಂಬಂಧವಿಲ್ಲದ ಸಾಧನಗಳು, ಒಬ್ಬರ ತಪ್ಪನ್ನೊಬ್ಬರು ಹುಡುಕುವ ಗುಂಪುಗಳ ಕೈಯಲ್ಲಿ, ಒಂದೇ ಕಡೆ ಬಂದು ಸೇರುತ್ತಿರಲಿಲ್ಲ.

ನಿವೃತ್ತ_ವೀಕ್ಷಕ

ಈ ಮಾತಿಗೆ ನನ್ನದೊಂದು ಸಾಕ್ಷಿ. ನಾನಿದ್ದ ಕೇಂದ್ರದಲ್ಲಿ ಸೋಂಡಿನ ಮಾದರಿ ಬದಲಾದ ವರ್ಷ, ಅದರ ದಿನಾಂಕವನ್ನು ನಾವು ದಿನಚರಿಯಲ್ಲಿ ಬರೆದೆವು, ಅಂಕಿಗಳ ಜೊತೆ ಮೇಲಕ್ಕೆ ಕಳುಹಿಸಲಿಲ್ಲ. ಯಾರೂ ಕೇಳಿರಲಿಲ್ಲ. ಹಲವು ವರ್ಷಗಳ ಬಳಿಕ ಸಂಶೋಧಕರೊಬ್ಬರು ಬಂದು, ನಮ್ಮ ದಾಖಲೆಯಲ್ಲಿ ಒಂದು ತಿಂಗಳಿನಿಂದ ಮೇಲಿನ ಗಾಳಿ ಒಮ್ಮೆಲೇ ತಣ್ಣಗಾಗಿದೆ, ಕಾರಣವೇನು ಎಂದು ಕೇಳಿದಾಗ, ಬೀರುವಿನಿಂದ ಆ ಹಳೆಯ ದಿನಚರಿಯನ್ನು ತೆಗೆದು ತೋರಿಸಿದೆ. ಗೆದ್ದಲು ಹಿಡಿದಿದ್ದ ಅಂಚಿನಲ್ಲಿ ನನ್ನದೇ ಕೈಬರಹದ ಒಂದು ಸಾಲು ಉಳಿದಿತ್ತು. ಆ ಸಾಲು ಇಲ್ಲದಿದ್ದರೆ ಉಪಕರಣದ ಬದಲಾವಣೆ ಹವೆಯ ಬದಲಾವಣೆಯಾಗಿ ಉಳಿದುಬಿಡುತ್ತಿತ್ತು. ಈಗ ಸೇವೆಯಲ್ಲಿರುವವರು ಯಾರಾದರೂ ಓದುತ್ತಿದ್ದರೆ, ದಾರದ ಉದ್ದ ಬದಲಾಯಿಸಿದರೂ ಬರೆದಿಡಿ ಎಂದು ಕೇಳಿಕೊಳ್ಳುತ್ತೇನೆ.

ಬರ್ಲಿನ್_ಕನ್ನಡಿಗ

ಮೇಲೆ ಹೇಳಿದ ಆಸ್‌ಮನ್ 1905ರಿಂದ ಮುನ್ನಡೆಸಿದ ಲಿಂಡನ್‌ಬರ್ಗ್ ವೀಕ್ಷಣಾಲಯ ನಾನಿರುವ ಊರಿನ ಆಗ್ನೇಯಕ್ಕೆ ಇದೆ. ನಿವೃತ್ತ ವೀಕ್ಷಕರು ಹೇಳಿದ ಕೊರತೆಯನ್ನು ನೀಗಲೆಂದೇ ಸ್ಥಾಪಿಸಿದ ಜಾಗತಿಕ ಆಧಾರ ಜಾಲದ ಮುಖ್ಯ ಕೇಂದ್ರ ಈಗ ಅಲ್ಲಿದೆ. ಅದರ ಕೇಂದ್ರಗಳಲ್ಲಿ ಪ್ರತಿ ಅಳತೆಗೂ ಅದರ ಅನಿಶ್ಚಿತತೆಯನ್ನು ಜೊತೆಗಿಟ್ಟು, ಹಳೆಯ ಮತ್ತು ಹೊಸ ಸೋಂಡುಗಳನ್ನು ಒಂದೇ ಬಲೂನಿಗೆ ಕಟ್ಟಿ ಹಾರಿಸಿ ಹೋಲಿಸುತ್ತಾರೆ.

ಬಲೂನಿನ ಅಳತೆಯನ್ನು ನಂಬುವ ಧೈರ್ಯದ ಕಥೆಯೊಂದು ಇಲ್ಲಿಯದೇ. 1952ರ ಆರಂಭದಲ್ಲಿ ಬರ್ಲಿನ್ನಿನ ರಿಚರ್ಡ್ ಶೆರ್‌ಹಾಗ್, ಕಡುಚಳಿಗಾಲದಲ್ಲಿ ಸ್ತರಗೋಳದ ಉಷ್ಣಾಂಶ ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಏರಿದ್ದನ್ನು ಕಂಡ. ಸೂರ್ಯನೇ ಸರಿಯಾಗಿ ಕಾಣದ ಋತುವಿನಲ್ಲಿ ಅಂಥ ಬಿಸಿ ಎಲ್ಲಿಂದ ಬರಬೇಕು? ಕೆಳಗಿನ ಪದರದಿಂದ ಮೇಲೇರಿದ ಭಾರೀ ಅಲೆಗಳು ಅಲ್ಲಿ ಮುರಿದು, ಧ್ರುವದ ಸುತ್ತ ತಿರುಗುವ ಗಾಳಿಗೆ ತಡೆಯೊಡ್ಡುತ್ತವೆ, ಧ್ರುವದ ಮೇಲಿನ ಗಾಳಿ ಕೆಳಗಿಳಿದು ಕುಗ್ಗಿ ಬಿಸಿಯಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಈಗ ಅಂಥದು ಸಂಭವಿಸಿದಾಗ ಇಲ್ಲಿ ಮುಂದಿನ ವಾರಗಳ ಚಳಿಯ ಮುನ್ಸೂಚನೆಯನ್ನೇ ತಿದ್ದುತ್ತಾರೆ.

ಅಡಿಕೆತೋಟ

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆದದ್ದಕ್ಕೆ ಹೇಗೆ ಕೃತಜ್ಞತೆ ಹೇಳಲಿ? ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಅವಳ ಮುಂದಿನ ಪ್ರಶ್ನೆ: ಬಲೂನು 30-35 ಕಿ.ಮೀ.ಗೆ ಒಡೆಯುತ್ತದೆ, ಪುಸ್ತಕದ ಗೆರೆ ನೂರು ಕಿ.ಮೀ. ದಾಟುತ್ತದೆ. ನಡುವಿನದನ್ನು ಅಳೆದವರು ಯಾರು?

ವಾಯುಮಂಡಲ_ಸಂಶೋಧಕ

ಮೊದಲು ರಾಕೆಟ್‌ಗಳು. ತಿರುವನಂತಪುರದ ತುಂಬಾದಿಂದ 1963ರ ನವೆಂಬರ್ 21ರಂದು ಹಾರಿದ ಮೊದಲ ರಾಕೆಟ್ ಅಲ್ಲಿನ ಮೇಲ್ಗಾಳಿಯನ್ನು ಅರಿಯಲೆಂದು ಸೋಡಿಯಂ ಆವಿಯನ್ನು ಹೊತ್ತಿತ್ತು. 1970ರ ಕೊನೆಯಿಂದ ಸೋವಿಯತ್ ನಿರ್ಮಿತ ಎಂ-100 ಹವಾಮಾನ ರಾಕೆಟ್‌ಗಳು ವಾರಕ್ಕೊಮ್ಮೆ ತಪ್ಪದೆ ಅಲ್ಲಿಂದ 80 ಕಿ.ಮೀ.ಗೂ ಮೇಲಕ್ಕೆ ಹಾರಿ ಉಷ್ಣಾಂಶ ಮತ್ತು ಗಾಳಿಯನ್ನು ಅಳೆದವು. ಉಷ್ಣವಲಯದ ಮಧ್ಯಂತರ ಮಂಡಲದ (ಸ್ತರಗೋಳದ ಮೇಲಿನ ಪದರ) ಬಗ್ಗೆ ನಮಗಿರುವ ತಿಳಿವಳಿಕೆಗೆ ಆ ದಾಖಲೆ ಬುನಾದಿ.

ಈಗಿನ ಸಾಧನ ಲೈಡಾರ್. ತಿರುಪತಿಯ ಬಳಿಯ ಗಾದಂಕಿಯಲ್ಲಿರುವ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯದಲ್ಲಿ, ಜಪಾನಿನ ಸಹಯೋಗದಿಂದ 1998ರಲ್ಲಿ ಒಂದನ್ನು ಸ್ಥಾಪಿಸಿದರು. ಮೋಡವಿಲ್ಲದ ರಾತ್ರಿಗಳಲ್ಲಿ ಹಸಿರು ಲೇಸರ್ ಬೆಳಕನ್ನು ನೇರ ಮೇಲಕ್ಕೆ ಬಿಟ್ಟು, ಗಾಳಿಯ ಅಣುಗಳು ಹಿಂದಕ್ಕೆ ಚದುರಿಸಿದ ಅತ್ಯಲ್ಪ ಬೆಳಕನ್ನು ದೂರದರ್ಶಕದಿಂದ ಹಿಡಿದು ಎಣಿಸುತ್ತಾರೆ. ಬೆಳಕು ಹೆಚ್ಚು ಮರಳಿದಲ್ಲಿ ಗಾಳಿ ದಟ್ಟ. ಪ್ರತಿ ಪದರವೂ ತನ್ನ ಮೇಲಿನ ಗಾಳಿಯ ಭಾರವನ್ನು ಹೊತ್ತಿರಬೇಕೆಂಬ ನಿಯಮದಿಂದ ಸಾಂದ್ರತೆಯನ್ನು ಉಷ್ಣಾಂಶವಾಗಿ ಪರಿವರ್ತಿಸಬಹುದು. ಲೆಕ್ಕವನ್ನು ಮೇಲಿಂದ ಕೆಳಕ್ಕೆ ಮಾಡಬೇಕು, ತುದಿಯಲ್ಲಿ ಒಂದು ಉಷ್ಣಾಂಶವನ್ನು ಊಹಿಸಿಕೊಳ್ಳಬೇಕು. ಊಹೆ ತಪ್ಪಿದ್ದರೂ ಹದಿನೈದು ಕಿ.ಮೀ. ಕೆಳಗಿಳಿಯುವಷ್ಟರಲ್ಲಿ ಗಾಳಿ ಎಷ್ಟೋ ಪಟ್ಟು ದಟ್ಟವಾಗಿ ತಪ್ಪು ತಾನಾಗಿ ಅಡಗಿಹೋಗುತ್ತದೆ. 30 ಕಿ.ಮೀ.ಗಿಂತ ಕೆಳಗೆ ಧೂಳಿನ ಕಣಗಳೂ ಬೆಳಕು ಚದುರಿಸುವುದರಿಂದ ಅಲ್ಲಿ ಈ ಲೆಕ್ಕ ಕೈಕೊಡುತ್ತದೆ, ಮತ್ತು ಅಲ್ಲಿಂದಲೇ ಬಲೂನಿನ ರಾಜ್ಯ ಶುರುವಾಗುತ್ತದೆ.

ಅದಕ್ಕೂ ಮೇಲೆ, 85 ಕಿ.ಮೀ. ಸುಮಾರಿನಲ್ಲಿ, ಇಡೀ ವಾಯುಮಂಡಲದ ಅತಿ ಚಳಿಯ ತಾಣವಿದೆ. ಅದು ಸಿಗುವುದು ಧ್ರುವದ ಬೇಸಿಗೆಯಲ್ಲಿ, ಇಪ್ಪತ್ತನಾಲ್ಕು ಗಂಟೆಯೂ ಸೂರ್ಯನಿರುವಾಗ, ಶೂನ್ಯಕ್ಕಿಂತ 140 ಡಿಗ್ರಿಯಷ್ಟು ಕೆಳಗೆ. ಅಲ್ಲಿಯೂ ಮೇಲೇರುವ ಗಾಳಿ ಹಿಗ್ಗಿ ತಣಿಯುವುದೇ ಕಾರಣ. 2001ರ ಡಿಸೆಂಬರಿನಲ್ಲಿ ಹಾರಿದ ಟೈಮ್ಡ್ ಉಪಗ್ರಹದ ಸೇಬರ್ ಉಪಕರಣ ಇಂಗಾಲದ ಡೈಆಕ್ಸೈಡ್ ಹೊಮ್ಮಿಸುವ 15 ಮೈಕ್ರೋಮೀಟರಿನ ಕಿರಣಗಳಿಂದ ಈ ಪದರವನ್ನು ಅಳೆಯುತ್ತಾ ಬಂದಿದೆ.

ಆ ಕಿರಣದ ಬಗ್ಗೆ ಇನ್ನೊಂದು ಮಾತು. ಕೆಳಗೆ ನಮ್ಮನ್ನು ಬಿಸಿಮಾಡುವ ಅದೇ ಅನಿಲ ಮೇಲೆ ಗಾಳಿಯನ್ನು ತಣಿಸುತ್ತದೆ, ಏಕೆಂದರೆ ಅಲ್ಲಿ ಓಝೋನ್ ಹೀರಿದ ಬಿಸಿಯನ್ನು ಹೊರಗೆ ಹೊಮ್ಮಿಸುವ ಕೆಲಸ ಮುಖ್ಯವಾಗಿ ಅದರದು. ಅನಿಲ ಹೆಚ್ಚಿದರೆ ನೆಲ ಬಿಸಿಯಾಗಿ ಸ್ತರಗೋಳ ತಣಿಯಬೇಕೆಂದು ಮನಾಬೆ ಮತ್ತು ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿದ್ದರು. ಸ್ತರಗೋಳದ ಮೇಲ್ಭಾಗ ದಶಕಕ್ಕೆ ಸುಮಾರು ಅರ್ಧ ಡಿಗ್ರಿಯ ಲೆಕ್ಕದಲ್ಲಿ ತಣಿಯುತ್ತಿರುವುದು ಉಪಗ್ರಹಗಳಲ್ಲಿ ಕಂಡಿದೆ. ಸೂರ್ಯನೇ ಹೆಚ್ಚು ಪ್ರಖರನಾಗಿದ್ದರೆ ಎರಡೂ ಬಿಸಿಯಾಗಬೇಕಿತ್ತು. ಕೆಳಗಿನ ಸ್ತರಗೋಳದಲ್ಲಿ ಚಿತ್ರ ಅಷ್ಟು ಸರಳವಿಲ್ಲ: ಅಲ್ಲಿ ಓಝೋನ್ ನಷ್ಟವೂ ತಣಿಸಿತು, 1991ರ ಪಿನಾಟುಬೋ ಜ್ವಾಲಾಮುಖಿಯ ಕಣಗಳು ಎರಡು ವರ್ಷ ಬೆಚ್ಚಗಾಗಿಸಿದವು, 1990ರ ದಶಕದ ಕೊನೆಯಿಂದೀಚೆಗೆ ಗೆರೆ ಬಹುಮಟ್ಟಿಗೆ ಮಟ್ಟಸವಾಗಿದೆ.

ವಿಜ್ಞಾನ_ಶಿಕ್ಷಕಿ

ಅಡಿಕೆತೋಟದವರ ಪ್ರಶ್ನೆಯನ್ನು ನಮ್ಮ ಶಾಲೆಯಲ್ಲಿ ಈ ವಾರ ಪಾಠ ಮಾಡಿಬಿಟ್ಟೆ. ವಯೋಮಿಂಗ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಜಗತ್ತಿನ ಬಲೂನು ಅಳತೆಗಳು ಎಲ್ಲರಿಗೂ ಮುಕ್ತವಾಗಿ ಸಿಗುತ್ತವೆ, ಮಂಗಳೂರಿನ ಕೇಂದ್ರದ ಸಂಖ್ಯೆ 43285. ಅಲ್ಲಿಂದ ಒಂದು ಬೆಳಗಿನ ಅಂಕಿಗಳನ್ನು ಇಳಿಸಿಕೊಂಡು, ಮಕ್ಕಳಿಗೆ ಗ್ರಾಫ್ ಹಾಳೆ ಕೊಟ್ಟು, ಎತ್ತರಕ್ಕೆ ಉಷ್ಣಾಂಶವನ್ನು ಗುರುತಿಸಲು ಹೇಳಿದೆ. ಹದಿನಾರು ಕಿ.ಮೀ. ತನಕ ಚುಕ್ಕೆಗಳು ಒಂದೇ ಸಮನೆ ಎಡಕ್ಕೆ, ಚಳಿಯ ಕಡೆಗೆ ಸರಿದವು. ಹದಿನೇಳರ ಬಳಿ ಚುಕ್ಕೆ ಎಡಕ್ಕೆ ಹೋಗುವುದು ನಿಂತು ಬಲಕ್ಕೆ ಹೊರಳಿದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ತಾನು ತಪ್ಪು ಗುರುತಿಸಿದೆನೆಂದು ಅಳಿಸಿಬಿಟ್ಟ. ಪಕ್ಕದವಳ ಹಾಳೆಯಲ್ಲಿಯೂ ಚುಕ್ಕೆ ಅಲ್ಲಿಯೇ ಹೊರಳಿದ್ದನ್ನು ನೋಡಿ ಪುನಃ ಬರೆದ.

ಅಡಿಕೆತೋಟದವರೇ, ಪೆಟ್ಟಿಗೆಯನ್ನು ಹಿಂದಿರುಗಿಸಬೇಕಾಗಿಲ್ಲವೆಂದಾದರೆ ಅದನ್ನು ಕೆಲವು ದಿನ ನಮ್ಮ ಶಾಲೆಗೆ ಕೊಡುವಿರಾ? ಮಕ್ಕಳಿಗೆ ಆ ಮಣಿಯನ್ನು ನೋಡಬೇಕಾಗಿದೆ.

ನಿವೃತ್ತ_ವೀಕ್ಷಕ

ಹಿಂದಿರುಗಿಸಬೇಕಾಗಿಲ್ಲ, ಧಾರಾಳವಾಗಿ ಕೊಡಬಹುದು. ಒಳಗಿನ ಬ್ಯಾಟರಿಯನ್ನು ಮಾತ್ರ ಮೊದಲು ತೆಗೆದುಬಿಡಿ, ಯಾವ ಕಾರಣಕ್ಕೂ ಬೆಂಕಿಗೆ ಹಾಕಬೇಡಿ. ದಾರವನ್ನೂ ರಬ್ಬರನ್ನೂ ತೋಟದಲ್ಲಿ ಬಿಡಬೇಡಿ, ದನಗಳ ಬಾಯಿಗೆ ಸಿಗುತ್ತದೆ.

ಅಡಿಕೆತೋಟ

ಬ್ಯಾಟರಿ ತೆಗೆದಾಯಿತು, ದಾರವನ್ನು ಸುತ್ತಿಟ್ಟಿದ್ದೇವೆ. ಸುತ್ತುವಾಗ ಮಗಳು ಅಳೆದಳು, ಮರದಲ್ಲಿ ಉಳಿದ ತುಂಡನ್ನು ಬಿಟ್ಟು 26 ಮೀಟರ್. ಸೋಮವಾರ ಶಾಲೆಗೆ ತಲುಪಿಸುತ್ತೇನೆ.